ಮೂರನೇ ಮಹಡಿಯಿಂದ ಒಂದು ಮೊಟ್ಟೆ

ಜಗಳಕ್ಕೆ ಕಾರಣ ದೊಡ್ಡದಿರಬೇಕು ಎಂದು ಯಾವ ಶಾಸ್ತ್ರವೂ ಹೇಳಿಲ್ಲ. ಗದ್ದೆಯ ಬದು ಒಂದು ಗೇಣು ಆಚೆ ಸರಿದದ್ದಕ್ಕೆ ಎರಡು ತಲೆಮಾರು ಮಾತು ಬಿಟ್ಟವರನ್ನು ಹರಿಣಾಕ್ಷಿ ತನ್ನ ಊರಿನಲ್ಲಿ ಕಂಡವಳೇ. ಹಾಗಿದ್ದರೂ ಒಂದು ಕೋಳಿಮೊಟ್ಟೆ ತಿರುವನಂತಪುರದಿಂದ ಕೊಚ್ಚಿಯ ತನಕ ಬೆಂಕಿ ಹಚ್ಚೀತು ಎಂದು ಅವಳು ಎಣಿಸಿರಲಿಲ್ಲ.

ಅವಳು ವಿಟ್ಲದ ಕಡೆಯವಳು. ತಿರುವನಂತಪುರದಲ್ಲಿ ಬಾಹ್ಯಾಕಾಶದ ಕೆಲಸ ನಡೆಯುವ ಕೇಂದ್ರವೊಂದರಲ್ಲಿ ಎಂಜಿನಿಯರು. ರಾಕೆಟ್ಟನ್ನು ಮೇಲೆ ಹಾರಿಸುವವರ ಹೆಸರು ಪೇಪರಿನಲ್ಲಿ ಬರುತ್ತದೆ. ಹರಿಣಾಕ್ಷಿಯದು ಮೇಲಿನಿಂದ ಬರುವುದನ್ನು ಒಡೆಯದಂತೆ ಕೆಳಗಿಳಿಸುವ ಪ್ಯಾರಾಚೂಟಿನ ವಿಭಾಗ. ಬಟ್ಟೆ, ಹಗ್ಗ, ಹೊಲಿಗೆ, ಗಾಳಿ ಇಷ್ಟರಲ್ಲೇ ಅವಳ ದಿನ ಮುಗಿಯುತ್ತಿತ್ತು. ಕೊಚ್ಚಿಯ ಕನ್ನಡ ಸಂಘದ ಅಧ್ಯಕ್ಷ ಕೃಷ್ಣಾನಂದರು ಒಂದು ದಿನ ಫೋನು ಮಾಡಿ, "ನಮ್ಮ ಮಕ್ಕಳಿಗೆ ಡಾಕ್ಟರು, ಕಂಪ್ಯೂಟರು ಬಿಟ್ರೆ ಮೂರನೇ ಕೆಲಸ ಗೊತ್ತಿಲ್ಲ ಮಾರಾಯ್ತಿ. ಶನಿವಾರ ಶನಿವಾರ ಆನ್‌ಲೈನಲ್ಲಿ ಒಂದು ಗಂಟೆ ಮಾತಾಡು. ಹೆಣ್ಣುಮಕ್ಕಳು ನಿನ್ನನ್ನು ನೋಡ್ಲಿ," ಎಂದಿದ್ದರು. ಅವಳು ಒಪ್ಪಿದಳು. ಕೊಚ್ಚಿ, ತಿರುವನಂತಪುರ ಎರಡೂ ಕಡೆಯ ಕನ್ನಡಿಗರ ಮನೆಯ ಹೈಸ್ಕೂಲು ಮಕ್ಕಳು ಫೋನಿನ ಮುಂದೆ ಕೂತರು. ಕನ್ನಡದಲ್ಲಿ ಕೇಳಿಸಿಕೊಂಡು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವ ಮಕ್ಕಳು. ಹರಿಣಾಕ್ಷಿಗೆ ಅದೇನೂ ತೊಡಕಾಗಲಿಲ್ಲ.

ಕೊನೆಗೆ ಒಂದು ಸ್ಪರ್ಧೆ. ಓಣಂ ರಜೆಯಲ್ಲಿ ತಿರುವನಂತಪುರದ ಶ್ರೀಕಾರ್ಯದ ಕಾಲೇಜೊಂದರಲ್ಲಿ ಹುಡುಗಿಯರಿಗಾಗಿ ಒಂದು ವಾರದ ಶಿಬಿರವಿತ್ತು. ವಿಮಾನ, ಉಪಗ್ರಹಗಳ ಕೆಲಸ ಮಾಡುವ ಹೆಂಗಸರೇ ಬಂದು ಕಲಿಸುವುದು, ಮಕ್ಕಳ ಕೈಯಲ್ಲೇ ಮಾಡಿಸುವುದು; ಹರಿಣಾಕ್ಷಿಯೂ ಅವರಲ್ಲೊಬ್ಬಳು. ಸಂಘಕ್ಕೆ ಅದರಲ್ಲಿ ಒಂದೇ ಒಂದು ಜಾಗ. ಆ ಜಾಗ ಯಾರಿಗೆ? ಮಹಡಿಯಿಂದ ಹಸಿ ಮೊಟ್ಟೆಯೊಂದನ್ನು ಒಡೆಯದಂತೆ ಇಳಿಸುವ ಹುಡುಗಿಗೆ. ಇಬ್ಬರು ಇಳಿಸಿದರೆ ಯಾರ ಸಾಧನ ಹಗುರವೋ ಅವಳಿಗೆ. ಹುಡುಗರೂ ಆಡಬಹುದು, ಜಾಗ ಮಾತ್ರ ಹುಡುಗಿಗೆ.

ಇದನ್ನು ವಿವರಿಸುವಾಗ ಹರಿಣಾಕ್ಷಿ ತನ್ನ ತಾಯಿಯ ಕತೆ ಹೇಳಿದಳು. ತಾಯಿ ಕೋಳಿ ಸಾಕಿದವಳು. ಬುಟ್ಟಿಗೆ ಭತ್ತದ ಉಮಿ ತುಂಬಿ, ಮೊಟ್ಟೆಯ ಚೂಪು ತುದಿ ಕೆಳಗೆ ಮಾಡಿ ಒಂದೊಂದನ್ನೇ ಹೂತು, ಬಸ್ಸಿನ ಹಿಂದಿನ ಸೀಟಿನಲ್ಲಿ ಮಡಿಲ ಮೇಲಿಟ್ಟುಕೊಂಡು ಪೇಟೆಗೆ ಹೋಗುತ್ತಿದ್ದಳು. ರಸ್ತೆಯ ಗುಂಡಿಗೆ ಬಸ್ಸು ಎಗರಿದಾಗ ಜನರ ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಮೊಟ್ಟೆ ಬಿರುಕು ಬಿಡುತ್ತಿರಲಿಲ್ಲ. "ನಾನು ಆಫೀಸಲ್ಲಿ ಮಾಡುದು ಅದನ್ನೇ," ಎಂದಳು. ಮಕ್ಕಳು ನಕ್ಕರು.

ಮಕ್ಕಳ ತಾಯಂದಿರಲ್ಲಿ ಒಬ್ಬಳು ನಗಲಿಲ್ಲ. ಅವಳು ರಾಜಲಕ್ಷ್ಮಿ, ಮೈಸೂರಿನವಳು, ಕೊಚ್ಚಿಯ ಬ್ಯಾಂಕೊಂದರಲ್ಲಿ ಅಧಿಕಾರಿ, ಅಲ್ಲೇ ಹತ್ತಿರದ ಆಲುವದಲ್ಲಿ ಫ್ಲಾಟೊಂದರ ಮೂರನೇ ಮಹಡಿಯಲ್ಲಿ ವಾಸ. ಅವಳ ಮಗಳು ಸಂಹಿತಾ ಒಂಬತ್ತನೆಯ ತರಗತಿ. ಶನಿವಾರದ ಪಾಠಕ್ಕೆ ಕೂರುವ ಎಲ್ಲ ಮಕ್ಕಳಲ್ಲಿ ಶಿಬಿರದ ಜಾಗಕ್ಕೆ ಬಾಯಿಬಿಟ್ಟು ಆಸೆಪಟ್ಟವಳು ಸಂಹಿತಾ ಒಬ್ಬಳೇ. ಹರಿದ ಕೊಡೆಯ ಬಟ್ಟೆ ಕತ್ತರಿಸಿ ಪ್ಯಾರಾಚೂಟು ಮಾಡಿ, ಪ್ರತಿ ವಾರ ಅದನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸುವವಳು.

ಅದೇ ಸಂಜೆ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ರಾಜಲಕ್ಷ್ಮಿ ಬರೆದಳು: "ಮೇಡಂ, ನಮ್ಮ ಮನೆಯೊಳಗೆ ಮೊಟ್ಟೆ ತರೋ ಹಾಗಿಲ್ಲ. ದಯವಿಟ್ಟು ನಿಂಬೆಹಣ್ಣು ಅಂತ ಬದಲಾಯಿಸಿ."

ಹರಿಣಾಕ್ಷಿ ಬರೆದಳು: "ನಿಂಬೆಹಣ್ಣು ಎಷ್ಟು ಎತ್ತರದಿಂದ ಬಿದ್ರೂ ಒಡೆಯುದಿಲ್ಲ ಮೇಡಂ. ಒಡೆಯದ್ದನ್ನು ಇಳಿಸುದರಲ್ಲಿ ಎಂತ ಉಂಟು?"

"ಹಾಗಾದ್ರೆ ತೆಂಗಿನಕಾಯಿ."

ತಿರುವನಂತಪುರದ ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಉಪ್ಪಳದ ಇಬ್ರಾಹಿಂ, ಆ ಗುಂಪಿನಲ್ಲಿ ಸೇರಿಕೊಂಡ ಕೆಲವೇ ತಂದೆಯರಲ್ಲಿ ಒಬ್ಬ, ನಡುವೆ ಬಾಯಿ ಹಾಕಿದ: "ತೆಂಗಿನಕಾಯಿ ಬೇಡ ರಾಜಲಕ್ಷ್ಮಿಯಕ್ಕ. ಕೆಳಗೆ ವಾಚ್‌ಮನ್ ಇರ್ತಾನೆ, ಅವನಿಗೂ ಹೆಂಡತಿ ಮಕ್ಕಳುಂಟು."

ನಗುವ ಮುಖಗಳು ಸಾಲಾಗಿ ಬಿದ್ದವು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾಲ್ಕು ಜನ ನಕ್ಕದ್ದು ರಾಜಲಕ್ಷ್ಮಿಗೆ ತನ್ನನ್ನು ನೋಡಿ ನಕ್ಕ ಹಾಗೆ ಕಂಡಿತು. ಅವಳು ಬರೆದಳು: "ಬುಟ್ಟಿ ಹೊತ್ತು ಮೊಟ್ಟೆ ಮಾರೋ ಮನೆಯಲ್ಲಿ ಅದು ಆಟದ ಸಾಮಾನು ಇರಬಹುದು. ನಮ್ಮ ಸಂಸ್ಕಾರ ಬೇರೆ. ವಿಜ್ಞಾನ ಕಲಿಸೋ ನೆಪದಲ್ಲಿ ನಮ್ಮ ಮಕ್ಕಳ ಕೈಗೆ ಇದನ್ನೆಲ್ಲ ಕೊಡಬೇಡಿ."

ಹರಿಣಾಕ್ಷಿ ಆಗ ಅನ್ನಕ್ಕೆ ಅಕ್ಕಿ ತೊಳೆಯುತ್ತಿದ್ದಳು. ಓದಿದಳು. ಒದ್ದೆ ಕೈಯಲ್ಲೇ ಬರೆದಳು: "ಆ ಬುಟ್ಟಿಯಿಂದಲೇ ನಾನು ಓದಿದ್ದು. ಸಂಸ್ಕಾರ ಅಷ್ಟು ಬೇಗ ಒಡೆಯುದಾದರೆ ಅದಕ್ಕೂ ಒಂದು ಪ್ಯಾರಾಚೂಟು ಕಟ್ಟಿಕೊಳ್ಳಿ."

ಅರ್ಧ ಗಂಟೆಯಲ್ಲಿ ಕೃಷ್ಣಾನಂದರ ಫೋನು ಬಂತು.

"ಎಂತ ಹರಿಣಾಕ್ಷಿ, ಒಂದು ಮೊಟ್ಟೆಗೆ ಸಂಘ ಒಡೆಯುದಾ?"

"ಅವರು ನನ್ನ ಅಮ್ಮನಿಗೆ ಹೇಳಿದ್ದು ನೋಡಿದ್ರಾ?"

"ನೋಡಿದೆ. ಅವಳ ನಾಲಿಗೆ ಉದ್ದ. ಹಾಗೆ ಹೇಳಿ ನಿನ್ನದು ಗಿಡ್ಡ ಅಂತ ಅಲ್ಲ. ಮೊಟ್ಟೆಯ ಬದಲು ಬೇರೆ ಎಂತಾದ್ರೂ..."

"ಮೊಟ್ಟೆ ಅಂದ್ರೆ ಮೊಟ್ಟೆಯೇ ಸರ್. ಮನೆಯೊಳಗೆ ಬೇಡದವರು ಗೇಟಿನ ಹೊರಗೆ ನಿಂತು ಮಾಡ್ಲಿ."

ಮರುದಿನ ಸಂಹಿತಾಳ ಧ್ವನಿ ಸಂದೇಶ ಬಂತು. ಸ್ನಾನದ ಮನೆಯೊಳಗಿನಿಂದ ಮಾತಾಡುತ್ತಿದ್ದಳೋ ಏನೋ, ಸ್ವರ ಗುಂಯ್‌ಗುಡುತ್ತಿತ್ತು. "ಚೇಚಿ, ಮುಟ್ಟ ವೀಟ್ಟಿಲ್ ಪಟ್ಟಿಲ್ಲ. ಅಮ್ಮ ಸಮ್ಮದಿಕ್ಕಿಲ್ಲ. ಪಪ್ಪಡಂ ಮತಿಯೋ? ಕರಿದ ಹಪ್ಪಳ? ಅದೂ ಒಡೆಯುತ್ತಲ್ಲ. ಪ್ಲೀಸ್ ಚೇಚಿ. ನನಗೆ ಆ ಕ್ಯಾಂಪು ಬೇಕು."

ಮನೆಯಲ್ಲಿ ಮೊಟ್ಟೆಗೆ ಒಪ್ಪಿಗೆಯಿಲ್ಲ, ಹಪ್ಪಳ ಸಾಕೇ ಅಕ್ಕ ಎಂದು ಕೇಳುತ್ತಿದ್ದಾಳೆ ಹುಡುಗಿ. ಹರಿಣಾಕ್ಷಿ ಎರಡು ಸಲ ಕೇಳಿಸಿಕೊಂಡಳು. ಹುಡುಗಿಯ ಮೇಲೆ ಮರುಕ ಬಂತು ಎಂದರೆ ಸುಳ್ಳಾಗುತ್ತದೆ. ಅವಳಿಗೆ ಬಂದದ್ದು ಒಂದು ತಣ್ಣಗಿನ ಖುಷಿ. ಕರಿದ ಹಪ್ಪಳ! ಉಸಿರು ತಾಗಿದರೆ ಅಂಚು ಉದುರುವ ವಸ್ತು. ಮೊಟ್ಟೆಗಾದರೆ ಚಿಪ್ಪಿನ ಬಲವಿದೆ, ದೇವರು ಅದಕ್ಕೊಂದು ಆಕಾರ ಕೊಟ್ಟಿದ್ದಾನೆ. ಹಪ್ಪಳಕ್ಕೇನಿದೆ? ಮೂರನೇ ಮಹಡಿಯಿಂದ ಬಿದ್ದು ಎಲ್ಲರ ಕಣ್ಣೆದುರು ಪುಡಿಯಾಗಲಿ. ಸಂಸ್ಕಾರದ ಪುಡಿಯನ್ನು ಆ ತಾಯಿಯೇ ಗುಡಿಸಿ ತೆಗೆಯಲಿ.

"ಆಗ್ಬಹುದು," ಎಂದು ಬರೆದಳು. ಗುಂಪಿನಲ್ಲೂ ಹಾಕಿದಳು: "ಸಂಹಿತಾ ಹಪ್ಪಳ ಇಳಿಸಬಹುದು."

ರಾಜಲಕ್ಷ್ಮಿ ಕೈಮುಗಿಯುವ ಚಿತ್ರ ಹಾಕಿದಳು. ತಾನು ಗೆದ್ದೆ ಎಂದು ತಿಳಿದಳು. ಹರಿಣಾಕ್ಷಿಯೂ ಹಾಗೆಯೇ ತಿಳಿದಳು.

ಸ್ಪರ್ಧೆಯ ಶನಿವಾರ ಬ್ಯಾಂಕಿಗೆ ರಜೆಯಿತ್ತು. ಕರ್ಕಾಟಕ ಮಾಸದ ಮಳೆ ನಾಲ್ಕು ದಿನ ಸುರಿದು ಆ ಮಧ್ಯಾಹ್ನ ಒಂದಿಷ್ಟು ಬಿಡುವು ಕೊಟ್ಟಿತ್ತು. ಪ್ರತಿ ಮನೆಯಲ್ಲೂ ಎರಡು ಫೋನು. ಒಂದು ಮೇಲೆ ಮಗುವಿನ ಹತ್ತಿರ, ಇನ್ನೊಂದು ಕೆಳಗೆ ನಿಂತ ಹೆತ್ತವರ ಕೈಯಲ್ಲಿ. ಹರಿಣಾಕ್ಷಿ ಶ್ರೀಕಾರ್ಯದ ತನ್ನ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಒಬ್ಬೊಬ್ಬರನ್ನೇ ಕರೆದಳು.

ಚಿನ್ಮಯ್ ಎಂಬ ಹುಡುಗನ ಮೊಟ್ಟೆ ಅವರಪ್ಪನ ಸ್ಕೂಟರಿನ ಸೀಟಿನ ಮೇಲೆ ಒಡೆಯಿತು. ಇಬ್ರಾಹಿಂನ ಮಗಳ ಮೊಟ್ಟೆ ಡಬ್ಬಿಯಿಂದ ಜಾರಿ ಬಾಲ್ಕನಿಯಲ್ಲೇ ಒಡೆಯಿತು; "ಅದು ಟೇಕಾಫೇ ಆಗ್ಲಿಲ್ಲ ಮೇಡಂ, ಪೈಲಟ್ ಮುಷ್ಕರ," ಎಂದ ಇಬ್ರಾಹಿಂ. ಇಂಚರಾ ಎಂಬ ಹುಡುಗಿ ಮೊಟ್ಟೆಯನ್ನು ಇಡೀ ಒಂದು ತಲೆದಿಂಬಿನೊಳಗೆ ಹೊಲಿದು ಎಸೆದಿದ್ದಳು. ದಿಂಬು ಧೊಪ್ಪೆಂದು ಬಿತ್ತು, ಮೊಟ್ಟೆ ಉಳಿಯಿತು. ಅದಕ್ಕಿಂತ ಭಾರದ ಸಾಧನ ಇನ್ನಿಲ್ಲ, ಆದರೂ ಉಳಿದದ್ದು ಉಳಿದದ್ದೇ.

ಕೊನೆಗೆ ಸಂಹಿತಾ. ಐಸ್‌ಕ್ರೀಮ್ ಕಡ್ಡಿಗಳ ಗೂಡು, ಒಳಗೆ ದಾರದ ಜೋಲಿ, ಮೇಲೆ ಕೊಡೆಯ ಬಟ್ಟೆ. ಜೋಲಿಯಲ್ಲಿ ಹಪ್ಪಳ. ಕೈ ಬಿಟ್ಟಳು. ಬಟ್ಟೆ ಅರಳಿತು, ಗೂಡು ತೂಗುತ್ತ ಬಂದು ಹುಲ್ಲಿನ ಮೇಲೆ ಕೂತಿತು. ಕೆಳಗಿದ್ದ ರಾಜಲಕ್ಷ್ಮಿ ಹಪ್ಪಳವನ್ನು ಎತ್ತಿ ಕ್ಯಾಮೆರಾಕ್ಕೆ ಹಿಡಿದಳು. ಹುಣ್ಣಿಮೆ ಚಂದ್ರನ ಹಾಗೆ ಇಡಿಯಾಗಿತ್ತು.

"ನೋಡಿ ಮೇಡಂ! ಒಂದು ಅಂಚೂ ಮುಕ್ಕಾಗಿಲ್ಲ. ಮೊಟ್ಟೆ ಮೊಟ್ಟೆ ಅಂತ ಕುಣಿದ್ರಲ್ಲ!"

ಹರಿಣಾಕ್ಷಿಗೆ ನಂಬಿಕೆ ಬರಲಿಲ್ಲ. ಇಬ್ರಾಹಿಂ ಕೆಮ್ಮಿದ. "ಅಕ್ಕ, ಆ ಹಪ್ಪಳ ಸ್ವಲ್ಪ ಮುರಿದು ತೋರಿಸಿ. ಸದ್ದು ಕೇಳ್ಲಿ."

ರಾಜಲಕ್ಷ್ಮಿ ಮುರಿಯಲು ಹೋದಳು. ಹಪ್ಪಳ ಮುರಿಯಲಿಲ್ಲ. ಮಡಿಸಿದರೆ ಮಡಚಿತು, ಬಿಟ್ಟರೆ ಬಿಚ್ಚಿಕೊಂಡಿತು, ಹಳೆಯ ಕರವಸ್ತ್ರದ ಹಾಗೆ. ಮಳೆಗಾಲದ ಗಾಳಿ ಹೀರಿ ಮೆತ್ತಗಾಗಿತ್ತು.

ಪರದೆಯ ಎಲ್ಲ ಚೌಕಗಳಿಂದಲೂ ನಗು ಎದ್ದಿತು. ಹರಿಣಾಕ್ಷಿ ನಗಲಿಲ್ಲ. ಆಷಾಢದಲ್ಲಿ ಹಲಸಿನ ಹಪ್ಪಳ ಕರಿದು ಡಬ್ಬಿಯ ಮುಚ್ಚಳ ಮರೆತರೆ ಏನಾಗುತ್ತದೆಂದು ಅವಳ ಸೀಮೆಯ ಮಗುವಿಗೂ ಗೊತ್ತು. ಸಿಟ್ಟಿನಲ್ಲಿ ಮನುಷ್ಯ ಮೊದಲು ಮರೆಯುವುದು ತನಗೆ ಚೆನ್ನಾಗಿ ಗೊತ್ತಿರುವುದನ್ನೇ.

"ಇದು ಲೆಕ್ಕಕ್ಕಿಲ್ಲ," ಎಂದಳು.

"ಯಾಕಿಲ್ಲ? ಹಪ್ಪಳ ಅಂತ ಒಪ್ಪಿದ್ದು ನೀವು. ಬೆಳಿಗ್ಗೆ ಕರಿದಿದ್ದು ನಾನು. ಗರಿಗರಿ ಇರಬೇಕು ಅಂತ ನಿಮ್ಮ ನಿಯಮದಲ್ಲಿ ಬರೆದಿತ್ತಾ?"

"ಒಡೆಯದಂತೆ ಇಳಿಸುದು ಅಂತ ಬರೆದಿತ್ತು. ಇದು ಒಡೆಯುವ ವಸ್ತುವೇ ಅಲ್ಲ."

"ನಿಮ್ಮದು ಒಡೆಯೋ ಬುದ್ಧಿ, ಅದಕ್ಕೇ ಎಲ್ಲ ಒಡೀಲಿ ಅಂತೀರಿ."

"ಮೇಡಂ, ಮಕ್ಕಳು ಕೇಳ್ತಾ ಇದ್ದಾರೆ."

"ಕೇಳಲಿ! ಮೇಷ್ಟ್ರು ಎಂಥವರು ಅಂತ ಗೊತ್ತಾಗಲಿ."

ಕೃಷ್ಣಾನಂದರು ನಡುವೆ ಬಂದರು. "ಒಂದು ನಿಮಿಷ, ಒಂದು ನಿಮಿಷ. ಇನ್ನೊಂದು ಹಪ್ಪಳ ಬಿಸಿಯಾಗಿ ಕರಿದು ಇನ್ನೊಮ್ಮೆ ಇಳಿಸಿದ್ರೆ..."

"ನಾನೇನು ಹೋಟೆಲ್ ಇಟ್ಟಿದೀನಾ ಸಾರ್, ನೀವು ಆರ್ಡರ್ ಮಾಡಿದ ಹಾಗೆ ಬಿಸಿಬಿಸಿ ಕರಿಯೋಕೆ? ಕರಿಯಲ್ಲ."

ಈ ಗದ್ದಲದಲ್ಲಿ ಸಂಹಿತಾಳ ಚೌಕ ಬರಿದಾಗಿದ್ದನ್ನು ಯಾರೂ ಗಮನಿಸಿರಲಿಲ್ಲ. ಅವಳು ಓಡಿಹೋಗಿ ಗೂಡನ್ನು ಎತ್ತಿಕೊಂಡು ಬಂದಿದ್ದಳು. ಮಾತಿನ ಭರದಲ್ಲಿದ್ದ ತಾಯಿಗೆ ಮಗಳು ಕಾಲ ಬಳಿ ಬಂದು ಹೋದದ್ದೂ ತಿಳಿದಿರಲಿಲ್ಲ. ಮೇಲೆ ಹೋಗುವ ದಾರಿಯಲ್ಲಿ ಎರಡನೇ ಮಹಡಿಯ ಶಾಲಿನಿ ಆಂಟಿಯ ಬಾಗಿಲು ತಟ್ಟಿದ್ದಳು. ಈಗ ಬಾಲ್ಕನಿಯಲ್ಲಿ ಏದುಸಿರು ಬಿಡುತ್ತ ನಿಂತಿದ್ದಳು. ಕೈಯಲ್ಲಿ ಮೊಟ್ಟೆ.

ರಾಜಲಕ್ಷ್ಮಿ ಫೋನಿನ ಪರದೆಯಲ್ಲಿ ನೋಡಿದಳು, ಆಮೇಲೆ ತಲೆಯೆತ್ತಿ ನೋಡಿದಳು. "ಏಯ್ ಸಂಹಿತಾ! ಏನೇ ಅದು ಕೈಯಲ್ಲಿ? ಬಿಡೇ ಅದನ್ನ!"

"ಬಿಡುನ್ನು," ಎಂದಳು ಮಗಳು ಅರ್ಧ ಮಲಯಾಳದಲ್ಲಿ. ಬಿಟ್ಟೇ ಬಿಟ್ಟಳು.

ಗೂಡು ಇಳಿಯಿತು. ಅಷ್ಟರಲ್ಲಿ ಪೆರಿಯಾರ್ ನದಿಯ ಕಡೆಯಿಂದ ಗಾಳಿಯೊಂದು ಬೀಸಿ ಅದನ್ನು ಗೋಡೆಗೆ ತಳ್ಳಿತು. ಗೋಡೆಗೆ ಬಡಿದು ತಿರುಗಿತು. ಕಡ್ಡಿಯೊಂದು ಮುರಿದು ಹಾರಿತು. ಹರಿಣಾಕ್ಷಿ ಕುರ್ಚಿಯಿಂದ ಎದ್ದು ನಿಂತಿದ್ದಳು. ಕೆಲಸದ ಜಾಗದಲ್ಲಿ ಎಷ್ಟೋ ಸಲ ಹೀಗೆ ನಿಂತವಳು. ಅಲ್ಲಿ ಬೀಳುವುದು ಕಬ್ಬಿಣ. ಗೂಡು ರಾಜಲಕ್ಷ್ಮಿಯ ಕಾಲಿನ ಬುಡಕ್ಕೇ ಬಂದು ಕೂತಿತು. ಅವಳು ಕೆಂಡ ಬಿದ್ದ ಹಾಗೆ ಹಿಂದೆ ಸರಿದಳು.

"ತೆರೆದು ತೋರಿಸಿ ಮೇಡಂ," ಎಂದಳು ಹರಿಣಾಕ್ಷಿ.

"ನಾನು ಮುಟ್ಟಲ್ಲ."

ಮೆಟ್ಟಿಲಿನಲ್ಲಿ ದಡದಡ ಸದ್ದಾಯಿತು. ಸಂಹಿತಾ ಬಂದು ಮಂಡಿಯೂರಿ, ದಾರ ಬಿಡಿಸಿ, ಮೊಟ್ಟೆಯನ್ನು ಅಂಗೈಯಲ್ಲಿಟ್ಟು ತಾಯಿಯ ಫೋನಿನ ಎದುರು ಹಿಡಿದಳು. ತಿರುಗಿಸಿ ತಿರುಗಿಸಿ ತೋರಿಸಿದಳು. ಒಂದು ಗೀರೂ ಇರಲಿಲ್ಲ. ಚೌಕಗಳಲ್ಲಿ ಮಕ್ಕಳು ಕೂಗಾಡಿದರು.

"ಅದನ್ನ ಹಿಡ್ಕೊಂಡು ಮೇಲೆ ಬರಬೇಡ," ಎಂದಳು ತಾಯಿ ಮಗಳಿಗೆ. ಆಮೇಲೆ ಪರದೆಯ ಕಡೆ ತಿರುಗಿದಳು. "ನಿಮ್ಮ ಹಠ ಗೆಲ್ತು ಅಲ್ವಾ? ನನ್ನ ಮಗಳ ಕೈಗೆ ಅದನ್ನ ಕೊಟ್ಟೇ ಬಿಟ್ರಿ. ಮೊಟ್ಟೆ ನಿಮಗಿರಲಿ, ಮಗಳು ನನಗಿರಲಿ. ಅವಳು ನಿಮ್ಮ ಶಿಬಿರಕ್ಕೆ ಬರಲ್ಲ." ಚೌಕ ಕಪ್ಪಾಯಿತು.

ಭಾನುವಾರ ಕೃಷ್ಣಾನಂದರು ಬೆಳಿಗ್ಗೆಯೇ ಫೋನು ಮಾಡಿದರು. "ನಾಳೆ ಕಾಲೇಜಿಗೆ ಹೆಸರು ಕೊಡ್ಬೇಕು. ರಾಜಲಕ್ಷ್ಮಿಯ ಹತ್ತಿರ ಮಾತಾಡಿದೆ. ಮೊಟ್ಟೆ ಇಟ್ಟದ್ದು ತಪ್ಪಾಯ್ತು ಅಂತ ನೀನು ಗುಂಪಿನಲ್ಲಿ ಕ್ಷಮೆ ಕೇಳಿದ್ರೆ ಕಳಿಸ್ತಾಳಂತೆ. ಇಲ್ಲದಿದ್ರೆ ಇಂಚರಾ."

"ದಿಂಬಿನವಳಾ?"

"ದಿಂಬಿನವಳೇ. ಒಂದು ಸಾಲು ಬರೆದು ಹಾಕು ಮಾರಾಯ್ತಿ. ಬೆರಳು ಸವೆಯುದಿಲ್ಲ."

"ಬೆರಳು ಸವೆಯುದಿಲ್ಲ ಸರ್. ಅಮ್ಮನ ಬುಟ್ಟಿಗೆ ನಾನೇ ಉಗಿದ ಹಾಗಾಗ್ತದೆ."

"ಹುಡುಗಿಯ ಮುಖ ನೋಡು."

ನೋಡಿದ್ದಳು. ಅದೇ ತೊಂದರೆ. ಮೂರು ಸಲ ಬರೆದು ಮೂರು ಸಲ ಅಳಿಸಿದಳು. ಮೊಟ್ಟೆ ಇಟ್ಟದ್ದು ತಪ್ಪಲ್ಲ. ತಪ್ಪಲ್ಲದ್ದಕ್ಕೆ ತಪ್ಪಾಯಿತು ಎಂದರೆ ನಾಳೆ ಆ ಮಕ್ಕಳ ಎದುರು ಯಾವ ಬಾಯಿಯಲ್ಲಿ ಪಾಠ ಹೇಳುವುದು? ಹೇಳದಿದ್ದರೆ, ಬೀಳುವ ವಸ್ತುವನ್ನು ಗಾಳಿಗೆ ಅಂಜದೆ ಬಿಟ್ಟ ಆ ಹುಡುಗಿ ಮನೆಯಲ್ಲಿ ಕೂರುತ್ತಾಳೆ. ದಿಂಬು ಎಸೆದವಳು ಹೋಗುತ್ತಾಳೆ.

ಮಧ್ಯಾಹ್ನ ಸಂಹಿತಾಳ ಧ್ವನಿ ಬಂತು. "ಚೇಚಿ, ಮುಟ್ಟಗೆ ಸಾರಿ ಪರಯಲ್ಲೇ. ಹೇಳಬೇಡಿ. ಅದು ನಾನೇ ತಗೊಂಡಿದ್ದು." ಆಮೇಲೆ, ಅಷ್ಟೇನೂ ರೂಢಿಯಿಲ್ಲದ ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿ ಕೇಳಿದಳು: "ಹಪ್ಪಳ ಓಕೆ ಅಂತ ಯಾಕೆ ಹೇಳಿದ್ರಿ? ಒಡೆಯುತ್ತೆ ಅಂತ ನಿಮಗೆ ಗೊತ್ತಿತ್ತು. ನಾನು ತೋಲ್ಕಣಂ ಅಂತ, ಸೋಲಬೇಕು ಅಂತ, ಅಲ್ವಾ?"

ಹರಿಣಾಕ್ಷಿ ಫೋನನ್ನು ಮಗುಚಿ ಇಟ್ಟಳು. ಹಿತ್ತಲಿನ ಬಾಗಿಲಿಗೆ ಹೋಗಿ ನಿಂತಳು. ಮನೆಯೊಡತಿಯ ಮರಗೆಣಸಿನ ಗಿಡಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ತಾಯಿಯ ಮೇಲಿನ ಹಗೆಯನ್ನು ಮಗಳ ತಲೆಗೆ ಕಟ್ಟಿ ಮೂರನೇ ಮಹಡಿಯಿಂದ ಕೆಳಗೆ ಬಿಟ್ಟವಳು ತಾನು. ರಾಜಲಕ್ಷ್ಮಿಯ ನಾಲಿಗೆ ಎಷ್ಟೇ ಹೊಲಸಿರಲಿ, ಅವಳು ಬೈದದ್ದು ದೊಡ್ಡವರನ್ನು.

ಒಳಗೆ ಬಂದು ಗುಂಪಿನಲ್ಲಿ ಬರೆದಳು. ಈ ಸಲ ಅಳಿಸಲಿಲ್ಲ.

"ಮೊಟ್ಟೆ ಇಟ್ಟದ್ದಕ್ಕೆ ನಾನು ಕ್ಷಮೆ ಕೇಳುದಿಲ್ಲ. ಮುಂದಿನ ವರ್ಷವೂ ಮೊಟ್ಟೆಯೇ. ಆದರೆ ಸಂಹಿತಾಳ ಹತ್ತಿರ ಕ್ಷಮೆ ಕೇಳ್ಲಿಕ್ಕುಂಟು. ಹಪ್ಪಳಕ್ಕೆ ನಾನು ಒಪ್ಪಿದ್ದು ಒಳ್ಳೆ ಮನಸ್ಸಿನಿಂದ ಅಲ್ಲ. ಅವಳ ತಾಯಿಗೆ ಎಲ್ಲರ ಎದುರು ಅವಮಾನ ಆಗ್ಲಿ, ಹಪ್ಪಳ ಪುಡಿಯಾಗ್ಲಿ ಅಂತ ಒಪ್ಪಿದ್ದು. ಕಲಿಸುವವಳು ಮಾಡುವ ಕೆಲಸ ಅಲ್ಲ ಇದು. ಸಂಹಿತಾ, ತಪ್ಪಾಯ್ತು."

ಕೃಷ್ಣಾನಂದರು ತಕ್ಷಣ ಫೋನು ಮಾಡಿದರು. "ಎಂತ ಮಾಡಿದೆ ನೀನು! ಬೇಕಾದ ಕ್ಷಮೆ ಕೇಳ್ಲಿಲ್ಲ, ಬೇಡದ್ದನ್ನೆಲ್ಲ ಒಪ್ಪಿಕೊಂಡೆ. ಅವಳ ಕೈಗೆ ದೊಣ್ಣೆ ಕೊಟ್ಟ ಹಾಗಾಯ್ತಲ್ಲ. ನಾನು ಇಂಚರಾಳ ಹೆಸರು ಬರೀತೇನೆ."

"ಬರೆಯಿರಿ," ಎಂದಳು ಹರಿಣಾಕ್ಷಿ. ಜಗಳ ಕಾಯುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

ಸಂಜೆ ರಾಜಲಕ್ಷ್ಮಿ ದೊಣ್ಣೆ ಎತ್ತಿದಳು. ಗುಂಪಿನಲ್ಲಿ ಅವಳ ಉತ್ತರ ಒಂದೇ ಉಸಿರಿಗೆ ಬರೆದ ಹಾಗಿತ್ತು: "ಎಲ್ಲರೂ ಓದಿದ್ರಲ್ಲ? ನನ್ನ ಮಗು ಬೀಳಲಿ ಅಂತ ಕಾದು ಕೂತಿದ್ದರಂತೆ ಈ ಮೇಡಂ. ಬಾಯಿಬಿಟ್ಟು ಒಪ್ಕೊಂಡಿದಾರೆ. ಹಾಗಿದ್ದೂ ಗೆದ್ದವಳು ನನ್ನ ಮಗಳು. ಇವರು ಸೋಲಿಸೋಕೆ ನೋಡಿದ ಮೇಲೂ ಗೆದ್ದ ಜಾಗ ಅದು. ಅದನ್ನ ಯಾರದೋ ದಿಂಬಿಗೆ ಬಿಟ್ಟುಕೊಟ್ಟು ಇವರನ್ನ ಸಂತೋಷಪಡಿಸೋ ಜನ ನಾವಲ್ಲ. ಕೃಷ್ಣಾನಂದ ಸಾರ್, ಸಂಹಿತಾಳ ಹೆಸರೇ ಕೊಡಿ. ಬರ್ತಿದೀವಿ."

ಕೆಳಗೆ ಇಬ್ರಾಹಿಂ ಬರೆದ: "ಅಲ್ಲಾ! ಇಂಥ ಲ್ಯಾಂಡಿಂಗ್ ನಾನು ಎಲ್ಲೂ ನೋಡಿಲ್ಲ."

ಓಣಂ ರಜೆಯ ಮೊದಲ ಬೆಳಿಗ್ಗೆ, ಶಿಬಿರದ ಮಕ್ಕಳನ್ನು ಕರೆದೊಯ್ಯಲು ಹರಿಣಾಕ್ಷಿ ಕಾಲೇಜಿನ ಗೇಟಿನ ಬಳಿ ನಿಂತಿದ್ದಳು. ಆಟೋದಿಂದ ಸಂಹಿತಾ ಇಳಿದಳು. ಹಿಂದೆಯೇ ರಾಜಲಕ್ಷ್ಮಿ, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ನಾಲ್ಕು ಅಂತಸ್ತಿನ ಊಟದ ಡಬ್ಬಿ. ಇಬ್ಬರೂ ಒಬ್ಬರನ್ನೊಬ್ಬರು ಎದುರೆದುರು ನೋಡಿದ್ದು ಅದೇ ಮೊದಲು. ಪರದೆಯಲ್ಲಿ ಕಂಡದ್ದಕ್ಕಿಂತ ಗಿಡ್ಡ ಎಂದು ಇಬ್ಬರಿಗೂ ಅನ್ನಿಸಿರಬೇಕು.

"ಇವಳನ್ನ ನಿಮ್ಮ ಕೈಗೆ ಒಪ್ಪಿಸಿ ಹೋಗೋಕೆ ಬಂದಿಲ್ಲ," ಎಂದಳು ರಾಜಲಕ್ಷ್ಮಿ. "ನಾನೂ ಕೂತ್ಕೋತೀನಿ."

"ವಾರವಿಡೀ?"

"ರಜಾ ಹಾಕಿದೀನಿ. ನೀವು ಯಾವಾಗ ಏನು ಬೀಳಿಸ್ತೀರೋ ನಂಬೋದು ಹೇಗೆ?"

"ನಂಬಬೇಡಿ. ಹಿಂದಿನ ಬೆಂಚು ಖಾಲಿ ಉಂಟು. ಅಲ್ಲಿಯ ಫ್ಯಾನು ತಿರುಗುದಿಲ್ಲ."

"ಬೀಸಣಿಗೆ ತಂದಿದೀನಿ."

"ಹುಡುಗಿಯರ ಊಟದಲ್ಲಿ ಮೀನು ಇರ್ತದೆ. ಮೊದಲೇ ಹೇಳಿದ್ದೇನೆ, ಮತ್ತೆ ಗುಂಪಿನಲ್ಲಿ ಬರೀಬೇಡಿ."

"ನನ್ನ ಮಗಳಿಗೆ ಡಬ್ಬಿ ಇದೆ. ಅವಳ ಪಕ್ಕದಲ್ಲಿ ಕೂತವಳು ಏನು ತಿಂತಾಳೆ ಅಂತ ನಾನು ಬಗ್ಗಿ ನೋಡಲ್ಲ," ಎಂದಳು ರಾಜಲಕ್ಷ್ಮಿ. ಇಷ್ಟು ಹೇಳಿದ್ದೇ ದೊಡ್ಡ ಸಾಲ ಕೊಟ್ಟ ಹಾಗೆ ಮುಖ ಬಿಗಿದುಕೊಂಡಳು.

ಹರಿಣಾಕ್ಷಿ ದಾರಿ ಬಿಟ್ಟಳು. ಇಬ್ಬರೂ ಹಾದಿಯ ಎರಡು ಅಂಚು ಹಿಡಿದು, ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ ಬಿಟ್ಟು ನಡೆದರು. ಅವರು ಬಾಗಿಲು ತಲುಪುವ ಹೊತ್ತಿಗೆ ಸಂಹಿತಾ ಮೊದಲ ಸಾಲಿನಲ್ಲಿ ಕೂತು, ಪಕ್ಕದ ಹುಡುಗಿಯ ಹತ್ತಿರ ಕತ್ತರಿ ಇಸಿದುಕೊಂಡು ಬಟ್ಟೆ ಕತ್ತರಿಸಲು ಶುರುಮಾಡಿ ಆಗಿತ್ತು.